ಒಂದು ಪೆಪ್ಪರ್‌ಮೆಂಟ್ ಮಾಡಿದ ಕಿತಾಪತಿ

"ಕಹಿ!"

ಅವಳ ಬಾಯಿಂದ ಆ ಮಾತು ಬಿದ್ದದ್ದೇ ತಡ, ಎದುರು ನಿಂತಿದ್ದವನ ಮುಖ ಸಪ್ಪಗಾಯಿತು.

ಆ ವೈನರಿಯ ಅಡುಗೆಮನೆ ಅವಳದು. ಯಾವ ವೈನಿಗೆ ಯಾವ ಊಟ ಹೊಂದುತ್ತದೆ ಎಂದು ಹೇಳುವ ನಾಲಿಗೆಯೂ ಅವಳದೇ. ಅವನು ಯಜಮಾನಿಯ ಮಗ. ಮೂರು ಬಗೆಯ ಬಿಳಿ ವೈನ್ ಬೆರೆಸಿ, ಮೊದಲ ಸಲ ತನ್ನದೇ ಒಂದು ಮಾಡಿದ್ದ. ಒಂದು ಹುಳಿಗೆ, ಒಂದು ಪರಿಮಳಕ್ಕೆ, ಮತ್ತೊಂದು ಅವೆರಡರ ಜಗಳ ಬಿಡಿಸುವುದಕ್ಕೆ... ಹಾಗಂತ ಅಡುಗೆಮನೆಯ ಕಿಟಕಿಗೆ ಒರಗಿಕೊಂಡು ಅವನೇ ಹೇಳಿದ್ದ.

"ಹೆತ್ತವರಿಗೆ ಹೆಗ್ಗಣ ಮುದ್ದು. ನಾನು ಚೆನ್ನಾಗಿದೆ ಅಂದ್ರೆ ಯಾರು ನಂಬ್ತಾರೆ? ನೀನು ಹೇಳಮ್ಮ," ಎಂದು ಯಜಮಾನಿಯೇ ಅವಳ ಕೈಗೆ ಲೋಟ ಕೊಟ್ಟಿದ್ದರು. ಈಗ ನಿಟ್ಟುಸಿರು ಬಿಟ್ಟರು. "ಹೋಗ್ಲಿ ಬಿಡು. ಸಂಜೆ ಎಲ್ಲಾ ವಿನೆಗರ್ ಪೀಪಾಯಿಗೆ ಸುರಿದುಬಿಡಿ."

ಅವನು ತಲೆ ತಗ್ಗಿಸಿಕೊಂಡು ಹೊರಟುಹೋದ. ಜಗಳವಾಡಿದ್ದರೂ ಅವಳಿಗೆ ಇಷ್ಟು ನೋವಾಗುತ್ತಿರಲಿಲ್ಲ!

ಮಧ್ಯಾಹ್ನ ಬೆಣ್ಣೆಯಲ್ಲಿ ಮೀನು ಹುರಿದು ನಿಂಬೆ ಹಿಂಡಿದಳು. ಉಪ್ಪು ನೋಡಲು ಒಂದು ಚೂರು ಬಾಯಿಗಿಟ್ಟಳು. ಬೆಳಿಗ್ಗೆ ಮಿಕ್ಕಿದ್ದ ವೈನ್ ಪಕ್ಕದಲ್ಲೇ ಇತ್ತು. ಯಾಕೋ, ಒಂದು ಗುಟುಕು...

ಅಯ್ಯೋ! ಕಹಿಯ ಸುಳಿವೇ ಇಲ್ಲ! ಬೆಣ್ಣೆಯ ಜಿಡ್ಡೆಲ್ಲ ತೊಳೆದುಹೋಗಿ, ಹಿಂದೆಯೇ ಮಾಗಿದ ಹಣ್ಣಿನ ಘಮ ಮೆಲ್ಲಗೆ... ಮೇಕೆ ಹಾಲಿನ ಚೀಸ್ ಜೊತೆ? ಇನ್ನೂ ರುಚಿ! ಸೀಗಡಿ ಜೊತೆ? ಕೇಳಲೇಬೇಡಿ! ರುಚಿ ಹೆಚ್ಚಿದಷ್ಟೂ ಅವಳ ಎದೆ ಕುಸಿಯಿತು.

ಹಾಗಾದರೆ ಬೆಳಿಗ್ಗೆ ಆದದ್ದೇನು? ಕೈ ಏಪ್ರನ್ನಿನ ಜೇಬಿಗೆ ಹೋಯಿತು. ಪೆಪ್ಪರ್‌ಮೆಂಟಿನ ಕಾಗದ!

'ನನ್ನ ನಾಲಿಗೆಗೆ ಬೆಂಕಿ ಬೀಳ! ಪೆಪ್ಪರ್‌ಮೆಂಟ್ ಚೀಪಿ ಕುಡಿದ್ರೆ ಯಾವ ವೈನ್ ತಾನೇ ಕಹಿಯಾಗಲ್ಲ? ಆದ್ರೆ ಯಾಕೆ ತಿಂದೆ ಅಂತ ಕೇಳಿದ್ರೆ...?'

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಆದರೂ ಮೀನಿನ ತಟ್ಟೆ, ಲೋಟ ಹಿಡಿದು ಓಡಿದಳು.

ನೆಲಮಾಳಿಗೆಯಲ್ಲಿ ಅವನು ಆಗಲೇ ವಿನೆಗರ್ ಪೀಪಾಯಿಗೆ ಪೈಪು ಜೋಡಿಸುತ್ತಿದ್ದ. ಪಕ್ಕದಲ್ಲೇ ಅವನ ಅಮ್ಮ!

"ನಿಲ್ಲಿಸಿ! ವೈನ್ ಚೆನ್ನಾಗಿದೆ, ಮೀನಿಗಂತೂ ಹೇಳಿ ಮಾಡಿಸಿದ ಹಾಗಿದೆ. ಕೆಟ್ಟಿದ್ದು ನನ್ನ ಬಾಯಿ. ನಾನು... ಪೆಪ್ಪರ್‌ಮೆಂಟ್ ತಿಂದಿದ್ದೆ."

"ರುಚಿ ನೋಡೋ ಮುಂಚೆ ಪೆಪ್ಪರ್‌ಮೆಂಟಾ?" ಯಜಮಾನಿ ಹುಬ್ಬೇರಿಸಿದರು. "ನಿನಗೇನಮ್ಮ ಬಂದಿತ್ತು?"

ಅವಳ ಕಿವಿ ಬಿಸಿಯಾಯಿತು. ಅದೂ ಅವನ ತಾಯಿಯ ಎದುರು... ಹೇಗೆ ಹೇಳುವುದು?

"ಬೆಳಿಗ್ಗೆ ಬೆಳ್ಳುಳ್ಳಿ ತಿಂದಿದ್ದೆ, ಮೇಡಂ. ಇವರು ಇವತ್ತು ಹತ್ತಿರ ನಿಂತು ಮಾತಾಡ್ತಾರೆ ಅಂತ... ವಾಸನೆ ಬರಬಾರದು ಅಂತ..." ಮುಂದಿನದು ಅಳುವಿನಲ್ಲಿ ಮುಳುಗಿತು.

ಯಜಮಾನಿ ಇಬ್ಬರನ್ನೂ ನೋಡಿದರು. ಒಂದು ತುಂಡು ಮೀನು ತಿಂದು, ಒಂದು ಗುಟುಕು ಕುಡಿದರು.

"ಪೈಪ್ ತೆಗಿಯೋ!" ಎಂದವರೇ ತಟ್ಟೆಯ ಸಮೇತ ಮೆಟ್ಟಿಲು ಹತ್ತಿಬಿಟ್ಟರು.

"ಕ್ಷಮಿಸಿ... ನಿಮ್ಮ ಮುಖ ನೋಡೋಕೂ ನಾಚಿಕೆ ಆಗ್ತಿದೆ," ಅವಳು ಏಪ್ರನ್ನಿನಿಂದ ಮುಖ ಮುಚ್ಚಿಕೊಂಡಳು.

"ನಮ್ಮ ಕಸುಬಲ್ಲಿ ಸೆಂಟ್ ಹಾಕೋ ಹಾಗಿಲ್ಲ, ವೈನಿನ ಘಮ ತಿಳಿಯಲ್ಲ, ಗೊತ್ತಲ್ಲ? ಇವತ್ತು ಮಾತ್ರ ಸೆಂಟ್ ಬಾಟಲಿ ಹಿಡ್ಕೊಂಡು ಕನ್ನಡಿ ಮುಂದೆ ತುಂಬಾ ಹೊತ್ತು ನಿಂತಿದ್ದೆ."

"ಯಾಕೆ?"

"ನೀವು ಪೆಪ್ಪರ್‌ಮೆಂಟ್ ಯಾಕೆ ತಿಂದ್ರೋ, ಅದಕ್ಕೇ!"

ಅವನು ಮೆಲ್ಲಗೆ ಏಪ್ರನ್ ಸರಿಸಿದ. ಅವಳು ಬಾಯಿಗೆ ಕೈ ಅಡ್ಡ ಹಿಡಿದಳು.

"ಬೇಡ... ಈಗ ಮೀನಿನ ವಾಸನೆ ಬರುತ್ತೆ."

"ನನ್ನ ವೈನಿಗೆ ಮೀನೇ ಹೊಂದೋದು ಅಂತ ಈಗಷ್ಟೇ ನೀವೇ ಹೇಳಿದ್ರಲ್ಲ, ನನಗೂ ಅಷ್ಟೇ... ಬನ್ನಿ, ಇನ್ನೂ ಹತ್ತಿರ."