ಪಾರಣೆಯ ದಿನ ಕೇಳಿದ ಪ್ರಶ್ನೆ

ವೃಷಾಲಿ ಧೀರಜನನ್ನು ಮೊದಲು ಕಂಡದ್ದು ಸುಳ್ಳು ದುಃಖದಲ್ಲಿ.

ಜೂನ್ ತಿಂಗಳ ಒಂದು ಮಂಗಳವಾರ ಇಚಲಕರಂಜಿಯಿಂದ ಎರಡು ಬಸ್ಸು ಬದಲಿಸಿ ಮಹಾಗಾಂವಕ್ಕೆ ಬಂದಿದ್ದಳು. ರೈತರಿಗೆ ಮನಸ್ಸಿನ ಆರೋಗ್ಯದ ತರಬೇತಿ ಕೊಡುವುದು ಅವಳ ಕೆಲಸ. ಪಕ್ಕದ ಮನೆಯವನು ಒಳಗೊಳಗೇ ಕುಸಿಯುತ್ತಿದ್ದರೆ ಹೇಗೆ ಗುರುತು ಹಿಡಿಯಬೇಕು, ಹೇಗೆ ಮಾತಾಡಿಸಬೇಕು, ಯಾರ ಹತ್ತಿರ ಕರೆದೊಯ್ಯಬೇಕು. ಕೊನೆಗೊಂದು ಪುಟ್ಟ ನಾಟಕ. ಡಬ್ಬಿಯಲ್ಲಿ ಚೀಟಿಗಳು. 'ನೊಂದವನು' ಎಂಬ ಚೀಟಿ ಬಂದವನು ನೊಂದವನಂತೆ ಕೂರಬೇಕು, ಅವಳು ಗೆಳತಿಯಂತೆ ವಿಚಾರಿಸಬೇಕು.

ಚೀಟಿ ಧೀರಜನಿಗೆ ಬಂತು. ಹಿಂದಿನ ಸಾಲಿನಿಂದ ಎದ್ದು ಬಂದ ಉದ್ದನೆಯ ಹುಡುಗ, ಕಾಲರಿಗೆ ಕಬ್ಬಿನ ಒಣ ಎಲೆಯ ಚೂರು ಅಂಟಿತ್ತು. ಮರಾಠಿಯಲ್ಲಿ ಶುರು ಮಾಡಿದವನು ನಡುವೆ ಮನೆಮಾತಾದ ಕನ್ನಡಕ್ಕೆ ಜಾರಿದ.

"ಎಲ್ಲಾ ಛೊಲೋ ಐತ್ರಿ. ಕಬ್ಬು ಎದಿ ಮಟ ಬಂದೈತಿ. ಎಮ್ಮಿ ಗಬ್ಬ ಐತಿ. ಅವ್ವ ಆರಾಮ ಅದಾಳ. ನನಗ ಮಾತ್ರ ಮುಂಜಾನೆದ್ದು ಹಲ್ಲ ತಿಕ್ಕೂದಂದ್ರ ಗುಡ್ಡ ಹತ್ತಿದಂಗ ಆಗ್ತೈತಿ."

ಸಭೆ ಹೋ ಎಂದು ನಕ್ಕಿತು. "ಭಾರಿ ಆ್ಯಕ್ಟಿಂಗ್ ಲೇ ಧೀರ್ಯಾ," ಎಂದು ಅವನ ದೊಡ್ಡಪ್ಪನ ಮಗ ಶ್ರೇಣಿಕ ಸೀಟಿ ಹೊಡೆದ. ಚಪ್ಪಾಳೆಯಲ್ಲಿ ನಾಟಕ ಅಲ್ಲಿಗೇ ಮುಗಿಯಿತು. ಅವಳು ಕೇಳಬೇಕಾಗಿದ್ದ ಕೊನೆಯ ಪ್ರಶ್ನೆ ಬಾಯಲ್ಲೇ ಉಳಿಯಿತು.

"ನೀವು ನಾಟಕ ಕಂಪನಿ ಸೇರ್ರಿ," ಎಂದಳು ಮೆಟ್ಟಿಲಿಳಿಯುವಾಗ.

"ಸೇರಿದ್ರ ನೋಡಾಕ ಬರ್ತೀರೇನು?"

ಅವನ ದನಿ ಎಷ್ಟು ತಗ್ಗಿತ್ತೆಂದರೆ ಅವಳು ಬಾಗಿ ಕೇಳಬೇಕಾಯಿತು. ಹತ್ತಿರದಿಂದ ನೋಡಿದರೆ ಅವನ ರೆಪ್ಪೆಗಳು ಹುಡುಗಿಯರ ರೆಪ್ಪೆಯಂತೆ ಉದ್ದ.

ಆಮೇಲೆ ಅವಳು ತರಬೇತಿಗೆ ಬಂದ ಪ್ರತಿ ಮಂಗಳವಾರ ಅವನೇ ಅವಳನ್ನು ಬೈಕಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಡತೊಡಗಿದ. ಪವರ್‌ಲೂಮಿನ ಸದ್ದಿಗೆ ಅವಳ ಅಪ್ಪ ಹಣಮಪ್ಪನ ಕಿವಿ ಅರ್ಧ ಹೋಗಿತ್ತು.

"ನಮ್ಮ ಮನ್ಯಾಗ ಪಿಸುಮಾತು ಅನ್ನೂದ ಇಲ್ರಿ. ಚಾ ಕುಡಿ ಅಂದ್ರೂ ಓಣಿಗೆಲ್ಲಾ ಕೇಳ್ತೈತಿ."

"ಹಂಗಾರ ನಾ ಹೆಂಗ ಮಾತಾಡ್ಲಿ?"

"ಜೋರಾಗಿ. ನಾ ಮಗ್ಗದ ಮನಿಯಾಕಿ."

ಅವನು ಜೋರಾಗಿ ಮಾತಾಡಲಿಲ್ಲ. ಅವಳು ಬಾಗುವುದನ್ನು ಬಿಡಲಿಲ್ಲ. ವಾರದ ಉಳಿದ ಆರು ದಿನ ಅವಳಿಗೆ ಬರೀ ಕ್ಯಾಲೆಂಡರಿನ ಚೌಕಗಳು. ಅವನೊಮ್ಮೆ 'ರೀ' ಬಿಟ್ಟು, ಬರೀ ಹೆಸರು ಹಿಡಿದು ಕರೆಯಲಿ ಎಂದು ಕಾದಳು. ಕರೆಯಲಿಲ್ಲ. ಜೈನರ ಮನೆಯ ಹುಡುಗ, ಮಗ್ಗದ ಮನೆಯ ಹುಡುಗಿ. ನಡುವೆ ಆ 'ರೀ' ಒಂದು ಬೇಲಿ.

ಭಾದ್ರಪದ ಬಂತು, ಜೈನರ ಹತ್ತು ದಿನದ ದಶಲಕ್ಷಣ ಪರ್ವ ಬಂತು. ಧೀರಜ ಹತ್ತು ದಿನದ ಉಪವಾಸ ಹಿಡಿದ. ದಿನಕ್ಕೊಮ್ಮೆ ಕಾಯಿಸಿ ಆರಿಸಿದ ನೀರು, ಅಷ್ಟೆ.

ಎಂಟನೆಯ ದಿನ ಅವಳು ಊರಿನ ಜೈನ ಬಸ್ತಿಗೆ ಹೋದಾಗ, ಬಿಳಿ ಪಂಚೆಯಲ್ಲಿ ಅವನು ಕಂಬಕ್ಕೊರಗಿ ಕೂತಿದ್ದ. ಮುದುಕಿಯರು ಅವನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಅಂದು ಪರ್ವದ ತ್ಯಾಗದ ದಿನ, ಪ್ರೀತಿಯದನ್ನು ಬಿಟ್ಟುಕೊಡುವ ದಿನ. ಭಜನೆಗೆ ನುಡಿಸುತ್ತಿದ್ದ ತನ್ನ ಪೇಟಿಯನ್ನು ಶ್ರೇಣಿಕನಿಗೆ ಕೊಟ್ಟಿದ್ದ, ಬೈಕಿನ ಕೀಲಿಯನ್ನೂ. ಪೇಟಿಯನ್ನು ಯಾರಿಗೂ ಮುಟ್ಟಗೊಡದವನು.

"ಮೋಹ ಹೋತು ನೋಡ್ರಿ," ಎಂದರು ಬಸ್ತಿಯ ಹಿರಿಯ ಕಾಕಾಸಾಹೇಬ, ಹೆಮ್ಮೆಯಿಂದ.

ವೃಷಾಲಿಗೂ ಅವನು ಚೆಂದ ಕಂಡ. ಮುಖ ಎಣ್ಣೆ ತೀರುತ್ತಿರುವ ದೀಪದಂತಿತ್ತು. ಒಳಗೇನೋ ಚುಚ್ಚಿತು, ಆದರೆ ಇದು ಅವಳದಲ್ಲದ ಧರ್ಮ, ಅವಳದಲ್ಲದ ವ್ರತ. ಹೊರಗಿನವಳು ಬಾಯಿ ಬಿಡಬಾರದು ಎಂದುಕೊಂಡಳು. ಕೈಮುಗಿದು ಬಂದಳು.

ಉಪವಾಸ ಮುರಿಯುವ ಪಾರಣೆಯ ಬೆಳಿಗ್ಗೆ ಊರಿಗೆ ಊರೇ ಬಸ್ತಿಯ ಅಂಗಳದಲ್ಲಿತ್ತು. ಅವನ ತಾಯಿ ಮಾಣಿಕಬಾಯಿ ಬೆಳ್ಳಿ ಬಟ್ಟಲಲ್ಲಿ ಹೆಸರುಬೇಳೆಯ ತಿಳಿ ಹಿಡಿದು ನಿಂತಿದ್ದಳು. ಉಪವಾಸ ಮಾಡಿದ ಮಿಕ್ಕವರೆಲ್ಲ ಬಾಯಿ ತೆರೆದರು. ಧೀರಜ ತೆರೆಯಲಿಲ್ಲ.

"ಇನ್ನೂ ಮುಂದುವರಸ್ತೇನಿ, ಕಾಕಾ," ಎಂದ.

ಜಯಕಾರ ಎದ್ದಿತು. ಮಾಣಿಕಬಾಯಿ ಕಣ್ಣೀರು ಒರೆಸಿಕೊಂಡಳು, ಹೆಮ್ಮೆಯ ಕಣ್ಣೀರು. ಕಾಕಾಸಾಹೇಬರು ಮುಂದಿನ ಉಪವಾಸದ ನಿಯಮ ಕೊಡಲು ಪೂಜೆಯ ತಟ್ಟೆ ತರಹೋದರು.

ಆ ಗದ್ದಲದಲ್ಲಿ ಧೀರಜ ಗೋಡೆ ಹಿಡಿದು ಹಿಂದಿನ ಬಾವಿಕಟ್ಟೆಗೆ ಹೋದ. ಕಣ್ಣಲ್ಲೇ ಅವಳನ್ನು ಕರೆದ. ಮೊಬೈಲಿನ ಕವರಿನಿಂದ ಮಡಚಿದ ಚೀಟಿಯೊಂದನ್ನು ತೆಗೆದು ಅವಳ ಅಂಗೈಯಲ್ಲಿಟ್ಟ.

"ಇದು ನಿಮ್ಮದು. ನನ್ನ ಹತ್ರ ಉಳದಿತ್ತು. ಇನ್ನ ಏನೂ ಉಳೀಲಿಲ್ಲ ನೋಡ್ರಿ ಕೊಡೂದು."

ಬಿಡಿಸಿದಳು. 'ನೊಂದವನು.' ಅವಳದೇ ಕೈಬರಹ.

ಅವಳ ಚೀಲದಲ್ಲಿ ಚಿತ್ರಗಳ ಪಟ್ಟಿ ಇತ್ತು, ನೂರು ಊರುಗಳಲ್ಲಿ ಬಿಡಿಸಿ ತೋರಿಸಿದ್ದು. ಊಟ ಬಿಡುವವನು. ನಿದ್ದೆ ಬಿಡುವವನು. ಪ್ರೀತಿಯ ವಸ್ತುಗಳನ್ನು ಹಂಚಿಬಿಡುವವನು. ಒಂದೊಂದೂ ಅವಳ ಕಣ್ಣೆದುರೇ ಕೂತಿತ್ತು, ಬಿಳಿ ಪಂಚೆಯುಟ್ಟು. ಊರು ಅದಕ್ಕೆ ಕೈಮುಗಿದಿತ್ತು. ಅವಳೂ ಮುಗಿದಿದ್ದಳು.

ಜೂನ್‌ನಲ್ಲಿ ಬಾಯಲ್ಲೇ ಉಳಿದದ್ದು ಈಗ ಹೊರಬಂತು.

"ಸಾಯಬೇಕು ಅನಸ್ತೈತೇನ್ರಿ ನಿಮಗ?"

ಬಾವಿಯ ಗೋಡೆಯಲ್ಲಿ ಪಾರಿವಾಳವೊಂದು ರೆಕ್ಕೆ ಬಡಿಯಿತು. ಅವನು ಅವಳ ಬರಿಗಾಲನ್ನೇ ನೋಡಿದ.

"ಹೌದ್ರಿ."

"ಯಾವಾಗಿಂದ?"

"ಆ ನಾಟಕಕ್ಕಿಂತ ಮೊದಲಿಂದ. ಅದು ನಾಟಕ ಇದ್ದಿಲ್ಲ." ಉಸಿರು ಕೂಡಿಸಿಕೊಂಡ. "ಉಪಾಸ ಹಿಡದ ಮ್ಯಾಲ ಆರಾಮ ಆತು. ಯಾಕ ಉಣವಲ್ಲಿ ಅಂತ ಯಾರೂ ಕೇಳ್ಲಿಲ್ಲ."

"ನಾನೂ ಕೇಳ್ಲಿಲ್ಲ," ಎಂದಳು. "ನಿಮ್ಮನ್ನ ನೋಡಿದ್ರ ನನಗ ಕಣ್ಣ ಮುಚ್ಚಿಹೋಗ್ತಾವ. ನಾ ನಿಮ್ಮನ್ನ ಭಾಳ ಹಚಗೊಂಡೇನಿ, ಧೀರಜ. ಅದಕ್ಕ ಕಾಣ್ಲಿಲ್ಲ."

ಅವನ ಮುಖದಲ್ಲಿ ನಗೆಯಂಥದ್ದು ಬಂದು ಹೋಯಿತು. ಅವಳ ಕಿರುಬೆರಳನ್ನು ಹಿಡಿದ. ಅವನ ಬೆರಳು ಬಾವಿಯ ಕಲ್ಲಿನಂತೆ ತಣ್ಣಗಿತ್ತು.

"ವೃಷಾಲಿ," ಎಂದ. "ಯಾರಿಗೂ ಹೇಳಬ್ಯಾಡ. ಇದು ನಮ್ಮಿಬ್ಬರೊಳಗ ಇರ್ಲಿ."

ಬರೀ ಹೆಸರು. 'ರೀ' ಇಲ್ಲ. ಮೂರು ತಿಂಗಳು ಕಾದದ್ದು ಅಂಗೈಗೆ ಬಂದಿತ್ತು, ಬೆಲ್ಲದ ಹಾಗೆ. ಮುಷ್ಟಿ ಮುಚ್ಚಿದರೆ ಅವನು ಅವಳವನು, ಈ ಗುಟ್ಟು ಇರುವಷ್ಟು ದಿನ. ಅದು ಎಷ್ಟು ದಿನ? ನಾಲ್ಕು? ಆರು?

ಗುಟ್ಟು ಇಟ್ಟುಕೊಳ್ಳುವ ಮಾತು ಕೊಡಬೇಡಿ ಎಂದು ನೂರು ಸಭೆಗಳಲ್ಲಿ ಹೇಳಿದ್ದಳು. ಹೇಳುವಾಗ ಇಷ್ಟು ನೋಯುತ್ತದೆಂದು ಗೊತ್ತಿರಲಿಲ್ಲ.

"ಹೇಳ್ತೇನಿ," ಎಂದಳು.

"ಹೇಳಿದ್ರ ನಾ ನಿನ್ನ ಮುಖ ನೋಡೂದಿಲ್ಲ."

"ನೋಡಬ್ಯಾಡ. ಆದ್ರ ಜೀವಂತ ಇರು."

ಬೆರಳು ಬಿಡಿಸಿಕೊಂಡು ಓಡಿದಳು. ಅಂಗಳದ ನಡುವೆ ಮಾಣಿಕಬಾಯಿಯ ಕೈ ಹಿಡಿದು, ಮಗ್ಗದ ಮನೆಯ ದನಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಮಾವಶಿ, ಇದು ಉಪಾಸ ಅಲ್ರಿ. ಅವರಿಗೆ ಬದುಕೂದು ಸಾಕಾಗೇತಿ. ಈಗ ಅವರ ಬಾಯಿಂದನ ಕೇಳಿ ಬಂದೇನಿ."

"ಯಾರ ಈಕಿ, ನಮ್ಮ ವ್ರತಕ್ಕ ರೋಗ ಅನ್ನಾಕಿ," ಎಂದು ಯಾರೋ ಗೊಣಗಿದರು. ಕಾಕಾಸಾಹೇಬರು ತಟ್ಟೆಯನ್ನು ನಿಧಾನ ಕೆಳಗಿಟ್ಟರು.

"ಸುಮ್ನಿರ್ರಿ. ಜೀವಕ್ಕ ಬ್ಯಾಸತ್ತು ಬಿಟ್ಟ ಕೂಳು ವ್ರತ ಅಲ್ಲ. ನಾನ ತಿಳಕೋಬೇಕಿತ್ತು."

ಮಾಣಿಕಬಾಯಿ ಬಟ್ಟಲು ತುಳುಕುತ್ತಿದ್ದರೂ ಲೆಕ್ಕಿಸದೆ ಬಾವಿಕಟ್ಟೆಗೆ ನಡೆದಳು. ಮಗನ ಮುಂದೆ ಮೊಣಕಾಲೂರಿ ಕೂತಳು.

"ಅಪ್ಪಾ, ನಾ ಊರಿಗೆಲ್ಲಾ ಹೇಳಕೋತ ಅಡ್ಡಾಡಿದ್ನಲ್ಲೋ, ನನ್ನ ಮಗ ದೊಡ್ಡಾಂವ ಆಗ್ಯಾನ ಅಂತ." ಚಮಚ ತುಂಬಿ ಅವನ ಬಾಯಿಯ ಹತ್ತಿರ ಹಿಡಿದಳು. "ದೊಡ್ಡಾಂವ ಆಗಬ್ಯಾಡ. ಒಂದ ಗುಟುಕ ಕುಡಿ."

ಅವನು ತಾಯಿಯನ್ನು ದಾಟಿ ವೃಷಾಲಿಯನ್ನು ನೋಡಿದ. ಆ ನೋಟದಲ್ಲಿ ಪ್ರೀತಿ ಇರಲಿಲ್ಲ.

"ನಿನ್ನ ಮ್ಯಾಲ ನನಗ ಭಾಳ ಸಿಟ್ಟೈತಿ," ಎಂದ.

"ಇರ್ಲಿ. ಸಿಟ್ಟ ಮಾಡಾಕರೆ ಇರು."

ಅವನ ತುಟಿ ಅಲುಗಿತು. ಮಾಣಿಕಬಾಯಿ ಆ ಅಲುಗಾಟದಲ್ಲೇ ಚಮಚ ತಾಗಿಸಿದಳು. ಅರ್ಧ ಗದ್ದಕ್ಕಿಳಿಯಿತು, ಅರ್ಧ ಒಳಗೆ ಹೋಯಿತು.

ಗಡಹಿಂಗ್ಲಜದ ದವಾಖಾನೆಯ ಡಾಕ್ಟರಿಗೆ ವೃಷಾಲಿ ಫೋನ್ ಮಾಡಿದಳು. ಹತ್ತು ದಿನ ಖಾಲಿ ಇದ್ದ ಹೊಟ್ಟೆಗೆ ಇನ್ನೇನೂ ಕೊಡಬೇಡಿ, ಹಾಗೇ ಕರೆತನ್ನಿ ಎಂದರು. ಶ್ರೇಣಿಕ ಗಾಡಿ ತಂದ. ಬೈಕಿನ ಕೀಲಿಯನ್ನು ಧೀರಜನ ಜೇಬಿಗೆ ವಾಪಸು ತುರುಕಿದ. ಹಿಂದಿನ ಸೀಟಿನಲ್ಲಿ ನಡುವೆ ಧೀರಜ, ಆಚೆ ತಾಯಿ, ಈಚೆ ಅವಳು.

ರಸ್ತೆಯ ಎರಡೂ ಬದಿಗೆ ಕಬ್ಬು ಆಳುದ್ದ ನಿಂತಿತ್ತು. ಒಂದು ಮೈಲಿ ಅವನು ಅವಳತ್ತ ತಿರುಗಲಿಲ್ಲ. ಆಮೇಲೆ ಏನೋ ಅಂದ. ದನಿ ಎಂದಿಗಿಂತ ತಗ್ಗು.

ಅವಳು ಬಾಗಲಿಲ್ಲ. ಬಾಗಿ ಬಾಗಿ ಕೇಳಿಯೇ ಇಷ್ಟು ದೂರ ಬಂದಿದ್ದರು.

"ಜೋರಾಗಿ ಹೇಳು," ಎಂದಳು. "ಎಲ್ಲಾರೂ ಕೇಳ್ಲಿ."

ಕನ್ನಡಿಯಲ್ಲಿ ಶ್ರೇಣಿಕನ ಕಣ್ಣು. ಪಕ್ಕದಲ್ಲಿ ತಾಯಿ. ಧೀರಜ ಎದೆಯ ತಳದಿಂದ ದನಿ ಎಳೆದು ತಂದ, ಬಾವಿಯಿಂದ ತುಂಬಿದ ಕೊಡ ಎಳೆದಂತೆ.

"ನನಗ ಅಂಜಿಕಿ ಆಗಾಕತ್ತೇತಿ, ವೃಷಾಲಿ. ಕೈ ಹಿಡಿ."

ಅವಳು ಹಿಡಿದಳು. ಮಾಣಿಕಬಾಯಿ ನೋಡಿದಳು. ಮುಖವನ್ನು ಕಿಟಕಿಯತ್ತ ತಿರುಗಿಸಿ, ಸೆರಗು ಎಳೆದುಕೊಂಡು, ಅವರಿಬ್ಬರಿಗೆ ಜಾಗವಾಗುವಂತೆ ಒಂದಿಷ್ಟು ಆಚೆ ಸರಿದು ಕೂತಳು.