ಹಿಪ್ಪರಗಿ ದಂಡೆಯ ಇಂಗ್ಲಿಷ್ ಇಂಜಿನ್

ಬೆನ್ನಿಗೆ ಬಂದೂಕು. ಎದುರಿಗೆ ಕೊಡಲಿ.

ನಡುವೆ ನಾನು. ಮಟಮಟ ಮಧ್ಯಾಹ್ನ.

ಕಾಲ ಬುಡದಲ್ಲಿ ಒಂದು ಇಂಗ್ಲಿಷ್ ಇಂಜಿನ್ನು ಕೃಷ್ಣೆಯ ನೀರೆಳೆದು ಕಬ್ಬಿಗೆ ಹಾಯಿಸುತ್ತಿತ್ತು. ಅಂಥವು ಲೋಕದಲ್ಲಿ ಇಪ್ಪತ್ತೇ ಇದ್ದವಂತೆ.

“ಕೈ ಮ್ಯಾಲ ಎತ್ತು” ಅಂದಿತು ಬೆನ್ನ ಹಿಂದಿನ ದನಿ.

“ಕದಲಿದ್ರ ಸೀಳ್ತೀನಿ” ಅಂದ ಕೊಡಲಿಯವನು.

ಒಬ್ಬನಿಗೆ ಕೈ ಎತ್ತಬೇಕು. ಇನ್ನೊಬ್ಬನಿಗೆ ಕದಲಬಾರದು. ಇಬ್ಬರನ್ನೂ ಸಮಾಧಾನ ಮಾಡುವುದು ಕಷ್ಟ... ನಿಧಾನವಾಗಿ ಎತ್ತಿದೆ.

ತಡೀರಿ. ಅಲ್ಲಿಗೆ ಹೇಗೆ ಹೋಗಿ ನಿಂತೆ ಅನ್ನುವುದನ್ನು ಮೊದಲು ಹೇಳಬೇಕು.

ಸಾವಿರದ ಒಂಬೈನೂರ ಐವತ್ನಾಲ್ಕನೇ ಇಸವಿ. ಆಗ ನಮ್ಮದು ಮುಂಬಯಿ ರಾಜ್ಯ. ನನ್ನ ಹೆಸರು ಅಂದಾನೆಪ್ಪ. ಓದಿದ್ದು ಮೂರನೇ ಇಯತ್ತೆ. ಸಂಸ್ಥಾನದ ಕಾಲದಲ್ಲಿ ಒಬ್ಬ ಸರದಾರನ ಮೋಟಾರು ನಡೆಸುತ್ತಿದ್ದೆ. ಸಂಸ್ಥಾನ ಹೋಯಿತು, ಸರದಾರ ಹೋದ. ಜಮಖಂಡಿಯಲ್ಲಿ ಕೂತು ಮೋಟಾರಿನ ತಂಟೆ ಬಿಡಿಸುವುದನ್ನೇ ಕಸುಬು ಮಾಡಿಕೊಂಡೆ. ಕದ್ದ ಲಾರಿ ಹುಡುಕಿಕೊಡುವುದು, ಬಾಕಿ ಕೊಡದವನ ಬಾಗಿಲಲ್ಲಿ ಸುಮ್ಮನೆ ಕೂಡುವುದು. ಕೂಡುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ.

ಹಿಂದಿನ ದಿನ ಬೆಳಿಗ್ಗೆ ರಬಕವಿಯ ಸೀರೆ ವ್ಯಾಪಾರಿ ಆದಪ್ಪ ಸಾವುಕಾರರು ಕರೆಸಿದ್ದರು.

ಅವರ ವಾಡೆಯ ಹಿಂದೆ ಕಾರಿನ ಮನೆ. ಕಾರಿಗೆ ಹೊದಿಸಿದ್ದು ರೇಷ್ಮೆ ಸೀರೆ. ದಿವಾಣಜಿ ಪರಮಾನಂದ ಅದನ್ನು ಮದುಮಗಳ ಸೆರಗು ಸರಿಸುವವನ ಹಾಗೆ ಸರಿಸಿದ. ಅಂಗಡಿಯ ಲೆಕ್ಕ ಬರೆಯುವವನೂ ಅವನೇ, ಕಾರಿನ ಮನೆಯ ಬೀಗದ ಕೈ ಇಟ್ಟುಕೊಂಡವನೂ ಅವನೇ.

ಕಾರು ನನಗೆ ಹಳೆಯ ಪರಿಚಯ. ನನ್ನ ಸರದಾರನೇ ಇಂಗ್ಲೆಂಡಿನಿಂದ ತರಿಸಿದ್ದು. ಅಲ್ಲಿನ ಒಂದು ಸಣ್ಣ ಕಾರ್ಖಾನೆ ಇಪ್ಪತ್ತು ಕಾರು ಮಾಡಿ ಕೈ ತೊಳೆದುಕೊಂಡಿತ್ತು. ಅದು ಕೂಡುವವನಿಗೆ ಮಾಡಿದ ಕಾರಲ್ಲ, ನಡೆಸುವವನಿಗೆ ಮಾಡಿದ್ದು. ಎರಡೇ ಸೀಟು. ಮೇಲೆ ಛತ್ತಿಲ್ಲ. ಮುಳ್ಳಿನ ಗಡಿಯಾರಗಳೆಲ್ಲ ಡ್ರೈವರನ ಕಡೆಗೇ ಮುಖ ಮಾಡಿದ್ದವು. ಪಕ್ಕದವನ ಪಾಲಿಗೆ ಹಿಡಿದುಕೊಳ್ಳಲು ಒಂದು ಹಗ್ಗ, ಅಷ್ಟೇ. ಸ್ಟೇರಿಂಗ್ ಹಿಡಿದರೆ ರಸ್ತೆಯ ಒಂದೊಂದು ಹರಳೂ ಅಂಗೈಗೆ ತಿಳಿಯುತ್ತಿತ್ತು. ಒಂದು ಸಲ ಮುಧೋಳದಿಂದ ಜಮಖಂಡಿಗೆ ಹದಿನೆಂಟು ನಿಮಿಷದಲ್ಲಿ ಬಂದಿದ್ದೆ. ಸರದಾರ ಇಳಿದು ರಸ್ತೆಯ ಬದಿಗೆ ಹೋಗಿ ವಾಂತಿ ಮಾಡಿಕೊಂಡ. ಆಮೇಲೆ ಬಂದು ನನ್ನ ಬೆನ್ನು ತಟ್ಟಿದ.

ಸಂಸ್ಥಾನ ಮುಳುಗಿದಾಗ ಆದಪ್ಪನವರು ಅದನ್ನು ಲಿಲಾವಿನಲ್ಲಿ ಕೊಂಡರು. ಆರು ವರ್ಷ ಒಂದು ದಿನವೂ ಚಾಲೂ ಮಾಡಲಿಲ್ಲ. ಚಾಲೂ ಮಾಡಿದರೆ ಸವೆಯುತ್ತದೆ, ಸವೆದರೆ ಬೆಲೆ ಇಳಿಯುತ್ತದೆ ಎಂದು ಯಾರೋ ಹೇಳಿದ್ದರಂತೆ. ದಸರೆಯ ದಿನ ಮಾತ್ರ ಕಪ್ಪು ಕನ್ನಡಕ, ಚರ್ಮದ ಕೈಗವಸು ಹಾಕಿಕೊಂಡು ಸ್ಟೇರಿಂಗ್ ಹಿಡಿದು ಕೂಡುತ್ತಿದ್ದರು. ನಾಲ್ಕು ಆಳು ಪೇಟೆಯ ತುಂಬ ನೂಕುತ್ತಿದ್ದರು.

ಹಾರ್ನ್ ಮಾತ್ರ ಅವರೇ ಹೊಡೆಯುತ್ತಿದ್ದರು.

“ನಾಡಿದ್ದು ಮುಂಬೈ ಸೇಠ ಬರಾಕತ್ತಾನ” ಅಂದರು ಆದಪ್ಪ. “ಇಂಜಿನ್ ಮ್ಯಾಲಿನ ನಂಬರ, ಚಾಸಿ ಮ್ಯಾಲಿನ ನಂಬರ ಎರಡೂ ತಾಳೆ ಆದ್ರ ನಲವತ್ತು ಸಾವಿರ ಕೊಡ್ತಾನ.”

“ಆಗೂದಿಲ್ಲೇನ್ರಿ?”

ಅವರು ಬಾನೆಟ್ ಎತ್ತಿದರು.

ಒಳಗೆ ಇಟ್ಟಿಗೆ. ಸಾಲಾಗಿ, ನಡುನಡುವೆ ಗೋಣಿತಟ್ಟು ಹಾಕಿ ಜೋಡಿಸಿದ್ದು. ಕಾರಿನ ಮೂತಿ ಮೇಲೇಳದಂತೆ ಇಂಜಿನ್ನಿನ ತೂಕಕ್ಕೆ ಸರಿಯಾಗಿ. ಲೆಕ್ಕ ಬಲ್ಲ ಕೈ.

“ನಗಬ್ಯಾಡ ಅಂದಾನೆಪ್ಪ.”

“ನಕ್ಕಿಲ್ರಿ. ಇದರೊಳಗ ಇಷ್ಟ ಇಟ್ಟಂಗಿ ಹಿಡೀತಾವ ಅಂತ ನನಗ ಗೊತ್ತಿರಲಿಲ್ಲ. ಒಮ್ಮೆರ ತಗದ ನೋಡಿದ್ರೇನ್ರಿ?”

“ಧೂಳ ಕೂಡತೈತಿ ಅಂತ ತಗದಿಲ್ಲ.”

ಪರಮಾನಂದ ಕೆಮ್ಮಿದ. “ಪೊಲೀಸರ ತನಕ ಬ್ಯಾಡ್ರಿ ಸಾವಕಾರ್ರ. ಮರ್ಯಾದಿ ಪ್ರಶ್ನಿ...”

ನಾನು ಅವನ ಸೊಂಟದ ಬೀಗದ ಕೈ ನೋಡಿದೆ.

ನಮ್ಮ ಸೀಮೆಯಲ್ಲಿ ಕದ್ದ ಇಂಜಿನ್ ಎಲ್ಲಿಗೆ ಹೋಗುತ್ತದೆ? ಹೊಳೆಗೆ. ಹಳೆಯ ಮೋಟಾರಿನ ಇಂಜಿನ್ನಿಗೆ ಚರ್ಮದ ಪಟ್ಟಾ ಹಾಕಿ, ಪಂಪು ಕಟ್ಟಿ, ಪೆಟ್ರೋಲಿನಲ್ಲಿ ಎಬ್ಬಿಸಿ ಸೀಮೆಎಣ್ಣೆಯಲ್ಲಿ ದುಡಿಸುವುದು ಆಗ ದಂಡೆಯ ಉದ್ದಕ್ಕೂ ನಡೆದಿದ್ದ ರೀತಿ. ಮರುದಿನ ನನ್ನ ಮಿಲಿಟರಿ ಫಟಫಟಿ ಹತ್ತಿ ದಂಡೆ ಹಿಡಿದು ಹೊರಟೆ. ಮೈಲಿಗೊಮ್ಮೆ ನಿಲ್ಲಿಸುವುದು, ಕಣ್ಣು ಮುಚ್ಚುವುದು, ಕೇಳುವುದು. ಪಂಪಿನ ಇಂಜಿನ್ನುಗಳು ಕೆಮ್ಮುತ್ತವೆ. ಹಿಪ್ಪರಗಿಯ ಹತ್ತಿರ ಒಂದು ಕೆಮ್ಮುತ್ತಿರಲಿಲ್ಲ. ಹಲ್ಲು ಕಚ್ಚಿ ಉಸಿರಾಡುತ್ತಿತ್ತು.

ಹದಿನೈದು ವರ್ಷದ ಹಿಂದೆ ಮೊದಲ ಸಲ ಕೇಳಿದ ಸದ್ದು. ಗುರುತು ಸಿಕ್ಕಿತು.

ಇಂಜಿನ್ ಪಕ್ಕ ಒಬ್ಬ ಹೆಂಗಸು ಸಲಿಕೆ ಹಿಡಿದು ನಿಂತಿದ್ದಳು. ಕುರುಬರ ಸತ್ಯವ್ವ. ಇಂಜಿನ್ನಿನ ಮೈತುಂಬ ಅರಿಶಿನದ ಭಂಡಾರ. ಬೀರಪ್ಪ ದೇವರಿಗೆ ಹಚ್ಚುವಂತೆ ಅಮಾಸೆಗೊಮ್ಮೆ ಹಚ್ಚಿ ಹಚ್ಚಿ ದಪ್ಪಗಾಗಿತ್ತು.

“ಯಾರಪಾ ನೀ?”

“ಇಂಜಿನ್ ನೋಡಾಕ ಬಂದೀನವ್ವಾ.”

“ನೋಡು. ಮುಟ್ಟಬ್ಯಾಡ.”

ಮುಟ್ಟಿದೆ. ನಂಬರ್ ಇರುವ ಜಾಗ ನನಗೆ ಗೊತ್ತು. ಹೆಬ್ಬೆರಳಿನಿಂದ ಭಂಡಾರ ಉಜ್ಜಿದೆ. ನಂಬರ್ ಇರಲಿಲ್ಲ. ಕಬ್ಬಿಣಕ್ಕೆ ಅರ ಹಾಕಿ ನುಣ್ಣಗೆ ಗೀಸಿದ್ದರು. ಅದರ ಮೇಲೆ ಉಳಿಯಿಂದ ಹೊಡೆದ ಒಂದು ಅರ್ಧಚಂದ್ರ, ಎರಡು ಗೀಟು.

“ಇದೇನವಾ?”

“ನಮ್ಮ ಕುರಿ ಗುರ್ತು. ನಲವತ್ತು ಕುರಿ ಮಾರಿ ಇದನ್ನ ತಂದೀನಿ. ಅಲ್ಲೇನೋ ಇಂಗ್ಲೀಷಿನ್ಯಾಗ ಗೀಚಿದ್ರು. ಕಮ್ಮಾರಗ ಹೇಳಿ ಕೆರಸಿ ನಮ್ಮ ಗುರ್ತು ಹೊಡಸೀನಿ. ನಾಳಿ ಕಳುವಾದ್ರ ನಮ್ಮದು ಅಂತ ತೋರಸೂದು ಹೆಂಗ?”

ನಲವತ್ತು ಸಾವಿರ ರೂಪಾಯಿ ಹೊಳೆಯಲ್ಲಿ ತೇಲಿಕೊಂಡು ಹೋಗುವುದನ್ನು ನಾನೊಬ್ಬನೇ ನೋಡಿದೆ.

“ಯಾರ ಕಡಿಂದ ತಂದಿ?”

“ರಬಕವಿ ದಿವಾಣಜಿ. ಗುಜರಿ ಮಾಲು ಅಂತ ಕೊಟ್ಟಾನ. ಈ ಮೂರು ಎಕರೆ ಕಬ್ಬು ಇದರ ಮ್ಯಾಲ ನಿಂತೈತಿ ನೋಡಪಾ.”

ಆಗಲೇ ಅವಳ ತಮ್ಮ ಹಾಲಸಿದ್ದಪ್ಪ ಕಬ್ಬಿನೊಳಗಿಂದ ಕೊಡಲಿ ಹಿಡಿದು ಬಂದದ್ದು. ಅಪರಿಚಿತ ಗಂಡಸು ಇಂಜಿನ್ನಿಗೆ ಕೈ ಹಚ್ಚಿದ್ದ. ಅವನ ತಪ್ಪಲ್ಲ. ಆಗಲೇ ಬೆನ್ನ ಹಿಂದೆ ಜೀಪು ನಿಂತದ್ದು. ಬಂದೂಕಿನ ಮೂತಿ ನನ್ನ ಬೆನ್ನೆಲುಬು ಮುಟ್ಟಿದ್ದು. ಪರಮಾನಂದ ಬೆಳಿಗ್ಗೆಯಿಂದ ನನ್ನ ಧೂಳು ಹಿಡಿದೇ ಬಂದಿದ್ದ.

ಕೈ ಎತ್ತಿದ್ದೇನೆ ಅಂದೆನಲ್ಲ. ಅಲ್ಲಿಂದ ಮುಂದಕ್ಕೆ ಕೇಳಿ.

“ಅಂದಾನೆಪ್ಪ, ಇಂಜಿನ್ ಸಿಗಲಿಲ್ಲ ಅಂತ ಹೇಳು. ಮಾತು ಮುಗೀತು” ಅಂದ ಪರಮಾನಂದ. “ನಾ ಇದನ್ನ ಮಡುವಿಗೆ ಉರುಳಸ್ತೀನಿ.”

ಸತ್ಯವ್ವನ ಕೈಯ ಸಲಿಕೆ ನಿಂತಿತು. “ಯಾವ ಮಡುವಿಗೆ? ನಲವತ್ತು ಕುರಿ ಎಣಿಸಿ ತಗೊಂಡಿ. ಕುಂಟ ಕುರಿ ಸೈತ ಬಿಡಲಿಲ್ಲ ನೀ.”

“ಬಾಯಿ ಮುಚ್ಚು ಬೇ. ಅಂದಾನೆಪ್ಪ, ನಿನ್ನ ಬಾಯಿಗೆ ಎಷ್ಟು ಬೇಕು?”

“ಅದು ಮುಚ್ಚೇ ಇರತೈತಿ ದಿವಾಣಜಿ. ಇಷ್ಟು ವರ್ಷ ಯಾರೂ ಅದಕ್ಕ ದುಡ್ಡು ಕೊಟ್ಟಿಲ್ಲ.”

“ಅಕ್ಕಾ, ಇಂವನ ಏನು ಮಾರಿದಾಂವ?” ಅಂದ ಹಾಲಸಿದ್ದಪ್ಪ. ಕೊಡಲಿ ನನ್ನನ್ನು ಬಿಟ್ಟು ಮೆಲ್ಲಗೆ ಪಕ್ಕಕ್ಕೆ ಹೊರಳಿತು. ಜಾಣ ಹುಡುಗ. ಸ್ವಲ್ಪ ತಡ, ಅಷ್ಟೇ.

ಬಂದೂಕಿನ ಮೂತಿ ಬೆನ್ನು ಬಿಟ್ಟು ಅವನ ಕಡೆ ತಿರುಗಿತು.

ನನಗೆ ಬೇಕಾದದ್ದು ಅಷ್ಟು. ಕೈ ಮೇಲಿದ್ದವು, ಕಾಲು ಬಿಡುವಾಗಿತ್ತು. ಇಂಜಿನ್ನಿನ ವೇಗ ಏರಿಸುವ ರೇಸಿನ ಸರಳು ಕಾಲಿನ ಹೆಬ್ಬೆರಳಿಗೆ ಸಿಗುವಷ್ಟು ಹತ್ತಿರ.

ಒತ್ತಿದೆ.

ಮೂರು ವರ್ಷ ಎತ್ತಿನ ನಡಿಗೆ ನಡೆದಿದ್ದ ಇಂಜಿನ್ನು ತಾನು ಯಾರೆಂದು ನೆನಪಿಸಿಕೊಂಡಿತು. ಆರು ಸಿಲಿಂಡರು ಒಮ್ಮೆಲೇ ಕೂಗಿದವು. ಪಟ್ಟಾ ಚಕ್ರ ಬಿಟ್ಟು ಹಾರಿತು. ನಾನು ಕುಸಿದು ಕೂತೆ. ತಲೆಯ ಮೇಲೆ ಹಾದು ಹೋದ ಚರ್ಮ ಪರಮಾನಂದನ ಮುಂಗೈಗೆ ಬಾರುಕೋಲಿನಂತೆ ಬಾರಿಸಿತು. ಬಂದೂಕು ಹಾರಿತು. ಗುಂಡು ಹೊಳೆಗೆ ಬಿತ್ತು. ಬೆಳ್ಳಕ್ಕಿ ಎದ್ದವು.

ಅವನು ಜೀಪಿಗೆ ಓಡಿದ. ನಾನು ಮೊದಲು ರೇಸ್ ಇಳಿಸಿದೆ. ಮನುಷ್ಯ ಮತ್ತೆ ಸಿಗುತ್ತಾನೆ, ಅಂಥ ಇಂಜಿನ್ ಸಿಗುವುದಿಲ್ಲ.

“ಹತ್ತು” ಅಂದೆ ಹಾಲಸಿದ್ದಪ್ಪನಿಗೆ. ಫಟಫಟಿಯ ಹಿಂದೆ ಕೊಡಲಿ ಸಮೇತ ಹತ್ತಿದ.

ಕಬ್ಬಿನ ನಡುವಿನ ಗಾಡಿದಾರಿ. ಮುಂದೆ ಜೀಪಿನ ಧೂಳು. ಎಲೆ ಮುಖಕ್ಕೆ ಹೊಡೆಯುತ್ತಿತ್ತು. ಒಂದು ತಿರುವಿನಲ್ಲಿ ಹಿಂದಿನ ಚಕ್ರ ಜಾರಿತು.

“ಬೀಳ್ತೀವೇನು ಯಣ್ಣಾ?”

“ಬಿದ್ರ ಕೊಡಲಿ ಆಕಡೆ ಹಿಡಿ.”

ಪರಮಾನಂದ ದಾರಿ ಬಿಟ್ಟು ಹೊಳೆಗೆ ಇಳಿಸಿದ. ಬೇಸಿಗೆ, ನೀರು ತೆಳುವು, ದಾಟಿ ಆಚೆ ಹೋಗುವ ವಿಚಾರ. ವಿಚಾರವೇನೋ ಛಲೋದೇ. ಮರಳಿನಲ್ಲಿ ನಿಲ್ಲಿಸದೆ ಹೋಗಬೇಕು. ಅವನು ಹಿಂದೆ ತಿರುಗಿ ನೋಡಲು ಬ್ರೇಕ್ ಹಾಕಿದ.

ಸಾವುಕಾರನಿಗೆ ತಕ್ಕ ದಿವಾಣಜಿ.

ಜೀಪು ಹೊಟ್ಟೆಯ ತನಕ ಹೂತುಕೊಂಡಿತು. ಚಕ್ರ ತಿರುಗಿಸಿದಷ್ಟೂ ಇಳಿಯಿತು. ನಾವು ಫಟಫಟಿ ನಿಲ್ಲಿಸಿ ನಡೆದುಕೊಂಡೇ ಹೋದೆವು.

“ಇಳೀರಿ ದಿವಾಣಜಿ.”

“ಗಾಡಿ ಹುಗದೈತಿ...”

“ಕಾಣತೈತಿ.”

ಆ ರಾತ್ರಿ ಅವನು ಕುರಿ ಹಟ್ಟಿಯಲ್ಲಿ ಮಲಗಿದ. ಕುರಿಗಳು ಕಡಿಮೆಯಾಗಿದ್ದವು, ಜಾಗ ಸಾಕಷ್ಟಿತ್ತು.

ಇಂಜಿನ್ ಸಿಕ್ಕಿತು ಎಂದಷ್ಟೇ ಆದಪ್ಪನವರಿಗೆ ಹೇಳಿ ಕಳಿಸಿದ್ದೆ. ಮರುದಿನ ಸೇಠ ಬಂದ. ಕುಡಚಿಯಲ್ಲಿ ರೈಲಿಳಿದು, ರಬಕವಿಯಲ್ಲಿ ಕಾರು ನೋಡಿ, ಆದಪ್ಪನವರ ಜೊತೆ ದಂಡೆಗೆ ಬಂದ. ಬಿಳಿ ಪ್ಯಾಂಟು, ಕೈಯಲ್ಲಿ ಭೂತಗನ್ನಡಿ. ಇಂಜಿನ್ ಪಂಪಿಗೆ ಕಟ್ಟಿದ್ದು ಕಂಡು ಮೊದಲು ಎದೆ ಹಿಡಿದುಕೊಂಡ. ನಂಬರ್ ಇದ್ದರೆ ಸಾಕು, ತೊಳೆದು ಒಳಗೆ ಕೂರಿಸಿದರಾಯಿತು ಎಂದು ಆದಪ್ಪ ಸಮಾಧಾನ ಹೇಳಿದರು.

“ನೀವು ನಡಸ್ತೀರೇನ್ರಿ ಸೇಠಜಿ?” ಅಂತ ಕೇಳಿದೆ.

“ಗ್ಯಾರಾ ಗಾಡಿ ಹೈ ಅಪ್ನೆ ಪಾಸ್” ಅಂದ. “ಚಲಾನೇ ಸೇ ಕೀಮತ್ ಗಿರ್ತಾ ಹೈ.”

ಹನ್ನೊಂದು ಕಾರು. ಒಂದನ್ನೂ ನಡೆಸುವುದಿಲ್ಲ, ಬೆಲೆ ಇಳಿಯುತ್ತದಂತೆ. ಆದಪ್ಪನವರಿಗೆ ಇಂಥ ಬುದ್ಧಿ ಎಲ್ಲಿಂದ ಬಂತು ಎಂದು ಯೋಚಿಸಿದ್ದೆ. ಮುಂಬಯಿಯಲ್ಲಿ ಸಗಟು ದರಕ್ಕೆ ಸಿಗುತ್ತಿತ್ತು.

ಅವನು ಮೊಣಕಾಲೂರಿದ. ರುಮಾಲಿನಿಂದ ಭಂಡಾರ ಒರೆಸಿದ. ಕನ್ನಡಿ ಹಿಡಿದ. ಬಹಳ ಹೊತ್ತು ಹಿಡಿದ.

“ನಂಬರ್ ಕಿಧರ್ ಹೈ?”

ಸತ್ಯವ್ವ ಗುರುತಿನ ಕಥೆ ಹೇಳಿದಳು. ನಾನು ಅವನಿಗೆ ತಿಳಿಯುವಂತೆ ಹಿಂದುಸ್ತಾನಿಯಲ್ಲಿ ಹೇಳಿದೆ. ಅವಸರ ಮಾಡಲಿಲ್ಲ.

ಸೇಠ ಎದ್ದ. ಮೊಣಕಾಲಿನ ಅರಿಶಿನ ಕೊಡವಿದ. “ಅಬ್ ತೋ ಲೋಹಾ ಹೈ.” ಇನ್ನು ಇದು ಬರೀ ಕಬ್ಬಿಣ. ಅಷ್ಟು ಹೇಳಿ ಗಾಡಿಯಲ್ಲಿ ಹೋಗಿ ಕೂತ. ರೈಲಿನ ವೇಳೆ ಕೇಳಿದ.

ಆದಪ್ಪನವರ ಮುಖ ಸುಣ್ಣವಾಯಿತು. ಆಮೇಲೆ ಕೆಂಪಾಯಿತು.

“ಕಬ್ಬಿಣ ಆದ್ರೂ ನಂದು. ಏರಸ್ರಲೇ ಗಾಡಿಗೆ.”

ಜೊತೆಗೆ ಬಂದಿದ್ದ ಇಬ್ಬರು ಆಳು ಮುಂದೆ ಬಂದರು. ಸತ್ಯವ್ವ ಇಂಜಿನ್ನಿಗೆ ಬೆನ್ನು ಕೊಟ್ಟು ನಿಂತಳು. ಸಲಿಕೆ ಎದೆಯ ಮಟ್ಟಕ್ಕೆ ಬಂತು. ಹಾಲಸಿದ್ದಪ್ಪನ ಕೊಡಲಿ ಈ ಸಲ ತಡಮಾಡಲಿಲ್ಲ.

“ಫೌಜದಾರನ್ನ ಕರಸ್ತೀನಿ” ಅಂದರು ಆದಪ್ಪ. “ಕಳುವಿನ ಮಾಲು ಇದು.”

“ಕರಸ್ರಿ ಸಾವಕಾರ್ರ” ಅಂದೆ. “ಫಿರ್ಯಾದಿ ಬರಕೊಳ್ಳಾಕ ಅವ ಮೊದಲ ಒಂದ ಮಾತು ಕೇಳ್ತಾನ.”

“ಏನಂತ?”

“ಯಾವಾಗ ಕಳುವಾತು ಅಂತ.”

ಅವರು ಬೆರಳು ಎಣಿಸಿದರು.

“ಹೋದ ವರ್ಷ... ಅಲ್ಲ...”

“ನಾ ತಂದು ಮೂರು ವರ್ಷ ಆತ್ರೀ” ಅಂದಳು ಸತ್ಯವ್ವ. ಪಾಪ, ಸಹಾಯ ಮಾಡಲೆಂದೇ ಹೇಳಿದಳು.

“ಮೂರು ದಸರಾ” ಅಂದೆ. “ಪ್ಯಾಟಿ ಮಂದಿ ಎಲ್ಲಾ ಸಾಕ್ಷಿ ಅದಾರ. ಜಮಖಂಡಿ ಕೋರ್ಟಿನ್ಯಾಗ ಒಬ್ಬೊಬ್ಬರನ್ನ ಕಟಕಟಿಗೆ ಹತ್ತಿಸಿ ಕೇಳ್ತಾರ. ಸಾವಕಾರ್ರು ಕುಂತು ಬರೂ ಮುಂದ ಇಂಜಿನ್ ಸಪ್ಪಳ ಕೇಳಿದ್ರೇನು ಅಂತ. ಬನಹಟ್ಟಿ ಮಂದಿ ರೊಟ್ಟಿ ಕಟಗೊಂಡು ಕೇಳಾಕ ಬರ್ತಾರ.”

ಗಾಡಿಯಲ್ಲಿ ಸೇಠ ಮುಖ ಆ ಕಡೆ ತಿರುಗಿಸಿ ಕೂತಿದ್ದ. ಹೆಗಲು ಮಾತ್ರ ಕುಣಿಯುತ್ತಿತ್ತು.

ಆದಪ್ಪ ಹೊಳೆ ನೋಡಿದರು. ಕಬ್ಬು ನೋಡಿದರು. ಕಡೆಗೆ ಕಾಗದ ಕೇಳಿದರು. ಇಂಜಿನ್ ಸತ್ಯವ್ವನದು, ತಮ್ಮ ತಕರಾರಿಲ್ಲ ಎಂದು ಬರೆದು ಸಹಿ ಹಾಕಿದರು. ಪರಮಾನಂದನ ಮೇಲೂ ಖಟ್ಲೆ ಹೂಡಲಾಗಲಿಲ್ಲ. ಹೂಡಿದರೆ ಅದೇ ಪ್ರಶ್ನೆ. ಮಾಡಿದ ಕಳುವಿಗೆ ಅವನಿಗಾದ ಶಿಕ್ಷೆ, ಹಟ್ಟಿಯಲ್ಲಿ ಒಂದು ರಾತ್ರಿ, ಮುರಿದ ಒಂದು ಮುಂಗೈ, ಹೋದ ನೌಕರಿ. ಹೆಚ್ಚೇನಲ್ಲ.

ಎಲ್ಲರೂ ಹೋದ ಮೇಲೆ ನಾನು ಪಟ್ಟಾ ಹೊಲಿದು ಚಕ್ರಕ್ಕೇರಿಸಿದೆ. ಹ್ಯಾಂಡಲ್ ತಿರುವಿದೆ. ಇಂಜಿನ್ನು ಹಿಡಿಯಿತು. ರೇಸಿನ ಸರಳಿನ ಮೇಲೆ ಬೆರಳಿಟ್ಟು ಸ್ವಲ್ಪ ಏರಿಸಿದೆ... ಆ ಸದ್ದು ಇನ್ನೊಮ್ಮೆ ಕೇಳಬೇಕಿತ್ತು. ಸತ್ಯವ್ವ ನೋಡಿದಳು. ಇಳಿಸಿದೆ. ನೀರು ಬಂತು.

“ಯಣ್ಣಾ, ಇದು ಗಾಡ್ಯಾಗ ಇದ್ದಾಗ ಎಷ್ಟು ಓಡತಿತ್ತು?”

“ತಾಸಿಗೆ ನೂರು ಮೈಲಿ.”

“ಅವ್ವಾ. ಎಷ್ಟು ಮಂದಿ ಕುಂದರತಿದ್ರಿ?”

“ಇಬ್ಬರು. ನಾನು, ಸರದಾರ.”

“ಕಾಳು ಕಡಿ ಏನರ ಹೇರತಿದ್ರೇನು?”

“ಇಲ್ಲವ್ವಾ. ಜಾಗ ಇಲ್ಲ.”

ಅವಳು ಸಲಿಕೆ ಒತ್ತಿ ಒಂದು ಸಾಲಿನ ಬಾಯಿ ಮುಚ್ಚಿ ಮುಂದಿನದನ್ನು ತೆರೆದಳು.

“ಮತ್ತ ಅಷ್ಟು ಜೋರಾಗಿ ಎಲ್ಲಿಗೆ ಹೋಗತಿದ್ರಿ?”

“ಎಲ್ಲಿಗೂ ಇಲ್ಲ. ಹೋಗಿ ತಿರುಗಿ ಬರತಿದ್ವಿ.”

ಸತ್ಯವ್ವ ನನ್ನನ್ನೇ ನೋಡಿದಳು. ಆಮೇಲೆ ಇಂಜಿನ್ ನೋಡಿದಳು.

“ಪುಣ್ಯಾ” ಅಂದಳು ಅದಕ್ಕೆ, “ಮನಿ ಸೇರಿದಿ.”