ಸ್ಟೇರಿಂಗಿಗೆ ಚೂರು ಪ್ಲೇ

ಮಾತಾಡದವಳನ್ನು ಜನ ಜಂಬದವಳು ಅಂದುಕೊಳ್ಳುತ್ತಾರೋ ಏನೋ ಎಂಬುದು ತನ್ಮಯಿಯ ಹಳೆಯ ಚಿಂತೆ. ಡಿಗ್ರಿ ಮುಗಿಸಿ ಪುತ್ತೂರಿನ ದರ್ಬೆಯ ಗೇಮಿಂಗ್ ಸೆಂಟರಿನ ಕೌಂಟರಿನಲ್ಲಿ ಕೂತಂದಿನಿಂದ ಡೈರಿಯಲ್ಲಿ ಅದನ್ನೇ ನಾನಾ ಬಗೆಯಾಗಿ ಬರೆದಿದ್ದಳು. ಆ ಭಾನುವಾರ ಬೆಳಿಗ್ಗೆ ಮಾತ್ರ ಪೆನ್ನು ಮುಂದಕ್ಕೆ ಹೋಗಲಿಲ್ಲ. ಹಿಂದಿನ ದಿನ ಸಿನಾನ್ ತಲೆ ತಗ್ಗಿಸಿ ಹೊರಟುಹೋದದ್ದೇ ಕಣ್ಣಿಗೆ ಕಟ್ಟಿತ್ತು.

ಶನಿವಾರ ಅಲ್ಲಿ ನಡೆದದ್ದು ಮಂಗಳೂರಿನ ಕಾರ್ ರೇಸ್ ಗೇಮಿನ ಫೈನಲಿಗೆ ಪುತ್ತೂರಿನಿಂದ ಒಬ್ಬನನ್ನು ಆರಿಸುವ ಸ್ಪರ್ಧೆ. ಸೆಂಟರಿನಲ್ಲಿ ಇದ್ದದ್ದು ಒಂದೇ ಸ್ಟೇರಿಂಗ್. ಅದನ್ನು ಎಷ್ಟು ತಿರುಗಿಸಿದರೆ ಕಾರು ಎಷ್ಟು ತಿರುಗಬೇಕು, ಕೈಗೆ ಎಷ್ಟು ಬಿಗಿ ಸಿಗಬೇಕು ಎಂಬುದನ್ನೆಲ್ಲ ಹುಡುಗರು ತಂತಮ್ಮ ಹೆಸರಿನಲ್ಲಿ ಸೇವ್ ಮಾಡಿಟ್ಟಿದ್ದರು. ಮೊದಲು ಸಿನಾನ್ ಓಡಿಸಿದ. ಮುಂದಿನ ಸರದಿ ಅವನ ಗೆಳೆಯ ದಿಶಾಂತನದು; ಅವನ ಸೆಟ್ಟಿಂಗ್ ಪರದೆಯಲ್ಲಿ ತೆರೆದೇ ಇತ್ತು. ಆಮೇಲೆ ತನ್ಮಯಿಯೂ ಸೇರಿ ಎಲ್ಲರೂ ಚಾಕ್ಕೆ ಹೊರಗೆ ಹೋದರು. ದಿಶಾಂತನನ್ನು ಕಾಣಿಯೂರಿನಿಂದ ತಮ್ಮ ಹಳೇ ಜೀಪಿನಲ್ಲಿ ಕರೆತಂದಿದ್ದ ಅಪ್ಪ ಚನಿಯಪ್ಪ ಮಾತ್ರ ಚಾ ಬೇಡವೆಂದು ಎಲೆಯಡಿಕೆ ಮೆಲ್ಲುತ್ತ ಒಳಗೆ ಉಳಿದರು. ಚಾ ಮುಗಿಸಿ ಬಂದು ಕೂತ ದಿಶಾಂತನ ಕಾರು ಮೊದಲ ತಿರುವಿನಲ್ಲೇ ಗೋಡೆಗೆ ಗುದ್ದಿತು. ಅವನ ಸೆಟ್ಟಿಂಗನ್ನು ಯಾರೋ ಬದಲಿಸಿದ್ದರು.

"ನನಗಿಂತ ಮೊದಲು ಇಲ್ಲಿ ಕೂತದ್ದು ಯಾರು? ನೀನೇ ಅಲ್ವಾ?" ಎಂದು ದಿಶಾಂತ್ ಗೆಳೆಯನ ಕಾಲರ್ ಹಿಡಿದ.

"ನಾನೆಂತಕ್ಕೆ ಮಾರಾಯ ನಿನ್ನದನ್ನು ಮುಟ್ಟುದು?"

ಮಾಲಿಕ ಹರಿಪ್ರಸಾದ್ ತೀರ್ಪು ಕೊಟ್ಟೇಬಿಟ್ಟರು. "ನಾಳೆಯೊಳಗೆ ಒಪ್ಪಿಕೊಳ್ಳದಿದ್ದರೆ ಫೈನಲಿಗೆ ನಿನ್ನ ಹೆಸರು ಹೋಗುದಿಲ್ಲ, ಸಿನಾನ್."

ಅಂದು ಸಂಜೆಯೇ ತನ್ಮಯಿ ಆ ಕಟ್ಟಡದ ಮಾಳಿಗೆಯಲ್ಲಿದ್ದ ಶಂಕರಿ ಅತ್ತೆಗೆ ವಿಷಯ ಹೇಳಿದ್ದಳು. ಅತ್ತೆ ಆರ್‌ಟಿಒದ ನಿವೃತ್ತ ಬ್ರೇಕ್ ಇನ್ಸ್‌ಪೆಕ್ಟರ್. ಕಾಣೆಯಾದ ಗ್ಯಾಸ್ ಸಿಲಿಂಡರಿನಿಂದ ಹಿಡಿದು ಕಳ್ಳ ಲೈಸೆನ್ಸಿನವರೆಗೆ ದರ್ಬೆಯ ತಕರಾರುಗಳೆಲ್ಲ ಅವರ ಮೆಟ್ಟಿಲು ಹತ್ತುತ್ತಿದ್ದವು. ಹಿಂದಿನಿಂದ ಅವರ ಕನ್ನಡಕ ಹಿಡಿದು ಹೋಗುವವಳು ತನ್ಮಯಿ.

ಭಾನುವಾರ ಅತ್ತೆ ಸೀಟಿನಲ್ಲಿ ಕೂತು ದಿಶಾಂತನ ಸೆಟ್ಟಿಂಗಿನಲ್ಲೇ ಸ್ಟೇರಿಂಗ್ ತಿರುಗಿಸಿದರು. ಅಂಗೈಯಗಲ ತಿರುಗಿದರೂ ಪರದೆಯ ಕಾರು ಅಲುಗಲಿಲ್ಲ, ಕೈಗೆ ಬಿಗಿಯೂ ಇಲ್ಲ. ಬ್ರೇಕ್ ತುಳಿದರು. ಸರಿಯಾಗಿತ್ತು.

"ಹರಿಪ್ರಸಾದ್, ನಿನ್ನೆಯಿಂದ ಯಾರಾದರೂ ಮುಟ್ಟಿದ್ದುಂಟಾ?"

"ಇಲ್ಲ ಮೇಡಂ. ಆಗಲೇ ಸ್ವಿಚ್ ಆಫ್ ಮಾಡಿದ್ದು."

"ತನ್ಮಯೀ, ಮೌಸಿನ ಮೇಲೆ ಎಂತ ಅದು ಬಿಳಿ?"

ಅವಳು ಉಗುರಿನಿಂದ ಕೆರೆದು ನೋಡಿ, "ಸುಣ್ಣ," ಎಂದು ಪಿಸುಗುಟ್ಟಿದಳು.

ಹುಡುಗರು ಬಂದರು. ದಿಶಾಂತನ ಪಕ್ಕ ಚನಿಯಪ್ಪ ಕೂತರು. ಸಿನಾನ್ ಹೆಲ್ಮೆಟ್ ಹಿಡಿದುಕೊಂಡು ಬಾಗಿಲಲ್ಲೇ ನಿಂತ.

"ಕೆಡಿಸಬೇಕೆಂದು ಬಂದವ ಬ್ರೇಕನ್ನು ಬಿಡುತ್ತಿರಲಿಲ್ಲ," ಅತ್ತೆ ಶುರು ಮಾಡಿದರು. "ಸಿನಾನನಿಗೆ ಈ ಸೆಟ್ಟಿಂಗುಗಳೆಲ್ಲ ಬಾಯಿಪಾಠ. ಅವ ಕೈ ಹಾಕಿದ್ದರೆ ಯಾರಿಗೂ ತಿಳಿಯದ ಹಾಗೆ ಒಂದು ಕೂದಲೆಳೆ ಬದಲಿಸುತ್ತಿದ್ದ. ಇಲ್ಲಿ ಆದದ್ದು ಎರಡೇ ಕೆಲಸ: ಬಿಗಿ ಕಡಿಮೆ, ನಡುವೆ ಸಡಿಲ, ಅಂದರೆ ಪ್ಲೇ, ಜಾಸ್ತಿ. ಕೈಯಲ್ಲಿ ಹಿಡಿದಾಗ ನನಗೆ ಹಳೇ ಜೀಪಿನದೇ ನೆನಪಾಯಿತು. ನಾನು ಗಾಡಿಗಳನ್ನು ತಪಾಸಣೆ ಮಾಡಿ ಪಾಸಿಂಗ್ ಮಾಡುವಾಗ ಜೀಪಿನವರೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು. 'ಸ್ಟೇರಿಂಗಿಗೆ ಚೂರು ಪ್ಲೇ ಬೇಕು ಮೇಡಂ, ಇಲ್ಲದಿದ್ದರೆ ಗುಂಡಿಗೆ ಬಿದ್ದಾಗ ಕೈ ತಿರುಚಿ ಹೋಗ್ತದೆ.' ಇದು ಹಾಳು ಮಾಡಿದ್ದಲ್ಲ, ರಿಪೇರಿ ಮಾಡಿದ್ದು. ಮಾಡಿದವರ ಬೆರಳಿನಲ್ಲಿ ಸುಣ್ಣ ಇತ್ತು. ಹೌದಲ್ಲ ಚನಿಯಪ್ಪ?"

ಚನಿಯಪ್ಪ ಗಾಬರಿಯಿಂದ ಮಗನ ಮುಖ ನೋಡಿದರು.

"ಪರದೆಯಲ್ಲಿ ಈ ಗೀಟನ್ನು ಮೌಸಿನಲ್ಲಿ ಎಳೆದರೆ ಸ್ಟೇರಿಂಗ್ ಲೂಸ್ ಆಗ್ತದೆ ಅಂತ ನೀನೇ ಒಮ್ಮೆ ತೋರಿಸಿದ್ದಿ. ಹಿಡಿದು ನೋಡಿದೆ, ಪ್ಲೇಯೇ ಇಲ್ಲ! ನಿನ್ನ ಕೈ ನೋಯ್ತದಲ್ಲ ಅಂತ..."

"ನಿನ್ನೆ ಬಾಯಿ ಬಿಡುದಲ್ವಾ ಅಪ್ಪ?"

"ನಾನು ಸರಿ ಮಾಡಿದ್ದು ಮಾರಾಯ. ಕೆಡಿಸಿದವ ಬೇರೆಯೇ ಇರಬೇಕು ಅಂದುಕೊಂಡೆ."

ಯಾರೋ ಕಿಸಕ್ಕನೆ ನಕ್ಕರು. ಮತ್ತೆ ಎಲ್ಲರೂ ನಕ್ಕರು, ದಿಶಾಂತನೂ.

"ಮುಗೀತು ಮಾರಾಯ್ರೆ! ಇನ್ನೊಂದು ರೇಸ್ ಇಡುವ," ಎಂದರು ಹರಿಪ್ರಸಾದ್.

"ಬಾ ಸಿನಾನ್, ಮನಸ್ಸಿಗೆ ಹಚ್ಚಿಕೊಳ್ಬೇಡ," ದಿಶಾಂತ್ ಕೂತಲ್ಲಿಂದಲೇ ಕರೆದ.

"ಇಲ್ಲ, ಪರವಾಗಿಲ್ಲ. ಫೈನಲಿಗೆ ನೀನೇ ಹೋಗು." ಸಿನಾನ್ ಮುಗುಳ್ನಗುತ್ತಲೇ ಹೆಲ್ಮೆಟ್ ಹಾಕಿಕೊಂಡ.

ನಗು ಇನ್ನೂ ನಿಂತಿರಲಿಲ್ಲ. ಅತ್ತೆ ಕನ್ನಡಕಕ್ಕೆಂದು ಕೈ ಚಾಚಿದರು. ತನ್ಮಯಿ ಕೊಡಲಿಲ್ಲ. ಅವಳು ಎದ್ದು ನಿಂತಿದ್ದಳು.

"ನಿನ್ನೆ ಕೇಳಿದ್ದು ಸಿನಾನ್ ಒಬ್ಬನನ್ನೇ," ಎಂದಳು. ಸ್ವರ ಬಾಗಿಲವರೆಗೂ ಕೇಳಿಸಿತು. "ಬೇರೆ ಯಾರನ್ನೂ ನಾವು ಕೇಳಲೇ ಇಲ್ಲ. ಈಗ ಅವನಲ್ಲಿ ಕ್ಷಮೆಯನ್ನೂ ಕೇಳಲಿಲ್ಲ."